ಐದರಲ್ಲಿ ಎರಡು

ಪುಣೆಯಿಂದ ಬಂದ ಮ್ಯಾಡಮ್ ಮೊದಲು ಕೇಳಿದ್ದು
ಫ್ಯಾನು ಬಂದ್ ಮಾಡಲಾದೀತೇ ಅಂತ.
ಹಾಳೆಗಳು ಹಾರುತ್ತಿದ್ದವು.
ಸೋಲಾಪುರ, ಅಕ್ಕಲಕೋಟ ರಸ್ತೆಯ ಎಂಐಡಿಸಿ, ಮೇ ತಿಂಗಳು,
ಪ್ಯಾಕಿಂಗ್ ಖೋಲಿಯಲ್ಲಿ ಹನ್ನೊಂದು ಮಂದಿ,
ಟವೆಲ್ಲಿನ ಗಂಟುಗಳೇ ನಮ್ಮ ಬೆಂಚು.
ಮುಂದೆ ಈ ಮಿಲ್ಲು ನಡೆಸುವವರು ಈ ಹನ್ನೊಂದರಲ್ಲೇ ಇದ್ದಾರೆ
ಎಂದರು ಗುರುಶಾಂತ ಕಾಕಾ, ನನ್ನ ಕಡೆ ನೋಡದೆ.
ನೋಡುವುದೇನಿದೆ ಎಂದುಕೊಂಡೆ.
ಗೇಟಿನ ಮೇಲಿನ ಹೆಸರು ನನ್ನ ಅಜ್ಜನದು.

ಮೊದಲು ಆಕಾರಗಳ ಸಾಲು: ಮುಂದಿನದು ಯಾವುದು?
ಇದು ನಮ್ಮ ಜಕಾರ್ಡಿನ ಕಾರ್ಡಿದ್ದಂತೆಯೇ ಇದೆ ಎಂದು ನಕ್ಕ
ಅಂಬಾದಾಸ ಬೊಮ್ಮಾ. ಹನ್ನೆರಡೇ ನಿಮಿಷ, ಒಂದೂ ತಪ್ಪಿಲ್ಲ.
ಆಮೇಲೆ ನೂರಾ ಇಪ್ಪತ್ತು ವಾಕ್ಯ, ಮರಾಠಿಯಲ್ಲಿ:
ನನ್ನ ತಪ್ಪು ನಾನು ಒಪ್ಪಿಕೊಳ್ಳುತ್ತೇನೆ,
ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ.
ಚೆಕ್ಕಿಂಗ್ ಟೇಬಲಿನ ಮಹಾನಂದಾ ಹತ್ತೂರೆ ಕೈ ಎತ್ತಿದಳು:
"ಇದು ಮನೀದು ಕೇಳ್ತೀರೋ, ಮಿಲ್ಲಿಂದು ಕೇಳ್ತೀರೋ?
ಎರಡೂ ಕಡೆ ನಾ ಬ್ಯಾರೆ ಬ್ಯಾರೆ ಅದೀನಿ."
ಮ್ಯಾಡಮ್ ಏನೋ ಬರೆದುಕೊಂಡರು.
ನನಗೆ ಆಗ ನಗು ಬಂತು.

ಕಡಕ್ ಭಕ್ರಿ, ಶೇಂಗಾ ಚಟ್ನಿ ಆದ ಮೇಲೆ
ಒಂದು ಸುಳ್ಳು ಕಾರಖಾನೆಯನ್ನು ನಮ್ಮೆದುರು ಹರವಿದರು.
ಹದಿನಾಲ್ಕು ಚೀಟಿ, ನಲವತ್ತು ನಿಮಿಷ, ನೀವೇ ಮಾಲಕರು.
ಶುಕ್ರವಾರದೊಳಗೆ ಕಂಟೇನರು ಬಂದರು ಮುಟ್ಟಬೇಕು.
ಡೈಯಿಂಗ್ ಮಾಸ್ತರ ರಜೆ ಕೇಳಿದ್ದಾನೆ.
ಬ್ಯಾಂಕಿನ ಪತ್ರ. ನೂಲಿನ ಭಾವ ಏರಿದೆ.
ಐದನೇ ಮಗ್ಗದಲ್ಲಿ ಎಣ್ಣೆ ಕಲೆ, ಮೂರು ದಿನದಿಂದ.

ಹದಿನಾಲ್ಕಕ್ಕೂ ಉತ್ತರ ಕೊಟ್ಟೆ.
ರಜೆ ಇಲ್ಲ. ಓವರ್‌ಟೈಮ್ ಡಬಲ್. ಬ್ಯಾಂಕಿಗೆ ನಾಳೆ.
ಅಕ್ಷರ ದುಂಡಗೆ, ಕೆಳಗೆ ಸಹಿ, ಅಜ್ಜನದೇ ತಿರುವು.
ಮಹಾನಂದಾ ಎಣ್ಣೆ ಕಲೆಯ ಚೀಟಿಯೊಂದನ್ನೇ ಹಿಡಿದು ಕೂತಿದ್ದಳು:
"ಮೂರು ದಿನದಿಂದ ಅಂತ ಬರದಾರ.
ಮೊದಲನೇ ದಿನ ನೋಡಿದಂವ ಯಾಕ ಹೇಳಲಿಲ್ಲ?
ಅಂವ ಯಾರಿಗೆ ಹೆದರತಾನ, ಅದು ತಿಳೀಬೇಕು ನಂಗ.
ಉಳದದ್ದು ಆಮ್ಯಾಲೆ."
ಅಷ್ಟರಲ್ಲಿ ವೇಳೆ ಮುಗಿದಿತ್ತು.

ವರದಿ ಬಂದದ್ದು ಜೂನ್ ಕೊನೆಗೆ.
ಕಾಕಾ ವಾರವಿಡೀ ಅದನ್ನು ತಿಜೋರಿಯಲ್ಲಿಟ್ಟು
ಚಾವಿ ಬನಿಯನ್ನಿನ ಕಿಸೆಯಲ್ಲಿಟ್ಟುಕೊಂಡು ಓಡಾಡಿದರು.
ಆಮೇಲೆ ಕರೆದರು.
ತೀರ್ಮಾನದ ವೇಗ, ಐದರಲ್ಲಿ ಐದು.
ಲೆಕ್ಕ, ನಾಲ್ಕೂವರೆ.
ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವುದು, ಐದರಲ್ಲಿ…
ತಪ್ಪು ಅದು, ಎಂದೆ, ಅವರು ಓದಿ ಮುಗಿಸುವ ಮೊದಲೇ.
ಕಾಕಾ ಕನ್ನಡಕ ತೆಗೆದರು. ಅಷ್ಟೇ.
ಮನೆಯಲ್ಲಿ ಸುವರ್ಣಾ ಓದಿ, ಹಾಳೆ ಮಡಿಸಿಟ್ಟಳು:
"ಎರಡು ಕೊಟ್ಟಾಳಂದ್ರ ಭಾಳ ದೊಡ್ಡ ಮನಸ್ಸು ಆಕೀದು."

ಮಹಾನಂದಾಗೆ ವೇಳೆಯಲ್ಲಿ ಒಂದು, ಇಂಗ್ಲಿಷಿನಲ್ಲಿ ಸೊನ್ನೆ,
ಕೊನೆಗೊಂದು ಸಾಲು: ಈಕೆಯ ಮೇಲೆ ಎರಡು ವರ್ಷ ಖರ್ಚು ಮಾಡಿ.
ಕಾಸ್ಟಿಂಗ್, ಎಕ್ಸ್‌ಪೋರ್ಟ್ ಕಾಗದ, ಬ್ಯಾಂಕಿನವರೆದುರು ಕೂತು ಮಾತಾಡುವುದು.
"ಕಲಿಯೂತನಕ ಪಗಾರ ಕಟ್ ಆಗ್ತದೇನ್ರಿ?"
ಆಕೆ ಕೇಳಿದ್ದು ಇಷ್ಟೇ.
ಹದಿನೇಳು ವರ್ಷ ಆಕೆಯ ಕಣ್ಣಿಗಷ್ಟೇ ಪಗಾರ ಕೊಟ್ಟಿದ್ದೆವು.

ಅಂಬಾದಾಸ ಭಿವಂಡಿಗೆ ಹೋದ.
ಎಲ್ಲ ಆಕಾರ ಸರಿ ಬರೆದವನಿಗೆ ಏನೂ ಸಿಗಲಿಲ್ಲ.
ಯಾಕೆಂದು ವರದಿಯಲ್ಲಿ ಹುಡುಕಿದೆ, ಇಲ್ಲ.

ನನಗೆ ಬರೆದ ಔಷಧ ಬೇರೆ: ಆರು ತಿಂಗಳು
ಚೆಕ್ಕಿಂಗ್ ಟೇಬಲಿನಲ್ಲಿ ಕೂಡಬೇಕು, ಟ್ಯೂಬ್‌ಲೈಟಿನ ಕೆಳಗೆ.
ಇದು ನಾಲ್ಕನೆಯದು. ಎಳೆ ತಪ್ಪಿದ ಜಾಗ
ಈಗೀಗ ಬೆರಳಿಗೆ ಹತ್ತುತ್ತದೆ.
ನಿನ್ನೆ ಐದನೇ ಮಗ್ಗದ ಶ್ರೀಶೈಲ
(ಆ ಸುಳ್ಳು ಐದಲ್ಲ, ನಮ್ಮದೇ ಐದು)
ಕೈ ಒರೆಸಿಕೊಳ್ಳುತ್ತ ಬಂದು ನಿಂತ.
ಏನೋ ಹೇಳುವುದಿತ್ತು ಅವನಿಗೆ.
ನನ್ನ ಬಾಯಲ್ಲಿ ಉತ್ತರ ತಯಾರಿತ್ತು.
ನಾಲಿಗೆ ಕಚ್ಚಿಕೊಂಡೆ. ಮಗ್ಗಗಳು ಬಡಿಯುತ್ತಿದ್ದವು.
ಮಹಾನಂದಾ ಕಾಸ್ಟಿಂಗ್ ವಹಿಯಿಂದ ತಲೆ ಎತ್ತಲಿಲ್ಲ.
ಹುಡುಗ ಭಾಳ ಹೊತ್ತು ತಗೊಂಡ.